ಒಬ್ಬರೇ ಬಾರಿಸಿದ ಬ್ಯಾಂಡ್: ಫೂ ಫೈಟರ್ಸ್‌ನ ಮೊದಲ ಆಲ್ಬಮ್

[ತೆರೆಯ ಮೇಲೆ: ತಿರುಗುತ್ತಿರುವ ಕ್ಯಾಸೆಟ್]

ನಮಸ್ಕಾರ. ನಮ್ಮ ಮೈಸೂರಲ್ಲಿ ರೂಮಿನ ಬಾಗಿಲು ಹಾಕಿಕೊಂಡು, ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. "ಜೊತೆಗೆ ನುಡಿಸೋರು ಯಾರೂ ಸಿಗ್ತಿಲ್ಲ" ಅಂತ ಕೊರಗುವವರೂ ಇದ್ದಾರೆ. ಇವತ್ತಿನ ಆಲ್ಬಮ್ ಅವರಿಗಾಗಿ. 1995ರ ಜುಲೈ 4ರಂದು ಬಂದ, ಅಮೆರಿಕದ ರಾಕ್ ಬ್ಯಾಂಡ್ ಫೂ ಫೈಟರ್ಸ್‌ನ ಮೊದಲ ಆಲ್ಬಮ್. 12 ಹಾಡು. ಹೆಚ್ಚುಕಮ್ಮಿ ಎಲ್ಲವನ್ನೂ ನುಡಿಸಿ ಹಾಡಿದ್ದು ಒಬ್ಬರೇ, ಡೇವ್ ಗ್ರೋಲ್.

ಗ್ರೋಲ್ ಆಗ ನಿರ್ವಾಣ ಎಂಬ ರಾಕ್ ಬ್ಯಾಂಡಿನ ಡ್ರಮ್ಮರ್ ಅಂತಲೇ ಹೆಸರಾಗಿದ್ದವರು. 1994ರ ಏಪ್ರಿಲ್‌ನಲ್ಲಿ ಅದರ ಗಾಯಕ ಕರ್ಟ್ ಕೋಬೇನ್ ತೀರಿಕೊಂಡರು, ಬ್ಯಾಂಡ್ ಅಲ್ಲಿಗೇ ನಿಂತಿತು. ಕೆಲವು ತಿಂಗಳು ಗ್ರೋಲ್‌ಗೆ ಸಂಗೀತವೇ ಬೇಡ ಅನ್ನಿಸಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಿಯಾಟಲ್ ಹತ್ತಿರದ ರಾಬರ್ಟ್ ಲ್ಯಾಂಗ್ ಸ್ಟುಡಿಯೋ ಬುಕ್ ಮಾಡಿದರು. ನಿರ್ವಾಣದ ಕೊನೆಯ ರೆಕಾರ್ಡಿಂಗ್ ಆಗಿದ್ದು, ಅದೇ ವರ್ಷ ಜನವರಿಯಲ್ಲಿ, ಇದೇ ಸ್ಟುಡಿಯೋದಲ್ಲಿ. ಅಲ್ಲಿಗೇ ಮತ್ತೆ ಕಾಲಿಡೋಕೆ ಎಷ್ಟು ಗಟ್ಟಿ ಮನಸ್ಸು ಬೇಕು, ಅಲ್ವಾ?

[ತೆರೆಯ ಮೇಲೆ: ಡ್ರಮ್ ಸೆಟ್, ಪಕ್ಕದಲ್ಲಿ ಗಿಟಾರ್, ಬೇಸ್]

ಈಗ ಕೆಲಸದ ಕ್ರಮ ನೋಡಿ. ಜೊತೆಗಿದ್ದವರು ಹಳೆಯ ಗೆಳೆಯ, ನಿರ್ಮಾಪಕ ಬ್ಯಾರೆಟ್ ಜೋನ್ಸ್. ಮೊದಲು ಡ್ರಮ್ಸ್. ಪಕ್ಕದಲ್ಲಿ ಗಿಟಾರ್ ಇಲ್ಲ, ಹಾಡುವವರಿಲ್ಲ. ಮೃದಂಗ ನುಡಿಸುವವರು ಸಾಹಿತ್ಯವನ್ನು ಮನಸ್ಸಲ್ಲೇ ಹಾಡಿಕೊಳ್ಳುತ್ತಾರಲ್ಲ, ಹಾಗೆ ಇಡೀ ಹಾಡು ತಲೆಯಲ್ಲೇ ಓಡುತ್ತಿರಬೇಕು. ಡ್ರಮ್ಸ್ ಮುಗಿದ ಕೂಡಲೇ ಎದ್ದು ಗಿಟಾರ್, ಆಮೇಲೆ ಬೇಸ್. ದಿನಕ್ಕೆ ಮೂರ್ನಾಲ್ಕು ಹಾಡು. ಒಂದು ವಾರದೊಳಗೆ ಎಲ್ಲ ಮುಗಿಯಿತು. ಹೊರಗಿನವರ ಕೈ ಬಿದ್ದದ್ದು ಒಂದೇ ಕಡೆ: 'ಎಕ್ಸ್-ಸ್ಟ್ಯಾಟಿಕ್' ಹಾಡಿನಲ್ಲಿ ಗ್ರೆಗ್ ಡುಲ್ಲಿ ಗಿಟಾರ್ ನುಡಿಸಿದ್ದಾರೆ.

ಡ್ರಮ್ಸ್‌ನಿಂದ ಶುರುವಾದದ್ದಕ್ಕೇ ಈ ಆಲ್ಬಮ್ಮಿಗೆ ಈ ಓಟ ಬಂದಿದೆ ಅಂತ ನನಗನ್ನಿಸುತ್ತದೆ. 'ದಿಸ್ ಈಸ್ ಎ ಕಾಲ್' ಕೇಳಿ. ಗಿಟಾರ್ ಕೂಡ ಪೆಟ್ಟು ಹೊಡೆದ ಹಾಗೇ ಬರುತ್ತದೆ.

ಹಾಡುವ ಧ್ವನಿಯ ವಿಷಯದಲ್ಲಿ ಮಾತ್ರ ಗ್ರೋಲ್‌ಗೆ ಅಳುಕಿತ್ತು. ಅದಕ್ಕೆ ಡಬಲ್ ಟ್ರ್ಯಾಕಿಂಗ್ ಮಾಡಿದರು. ಅಂದರೆ ಒಂದೇ ಸಾಲನ್ನು ಎರಡು ಸಲ ಹಾಡಿ, ಒಂದರ ಮೇಲೆ ಒಂದು ಇಡುವುದು. ಎರಡೂ ಕೂದಲೆಳೆಯಷ್ಟು ಆಚೀಚೆ ಇರುತ್ತವೆ. ಅದರಿಂದಲೇ ದನಿ ದಪ್ಪವಾಗಿ ಕೇಳುತ್ತದೆ. ಸುಮ್ನೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಇದು ಬರಲ್ಲ, ಸೌಂಡ್ ಜಾಸ್ತಿ ಆಗುತ್ತದೆ ಅಷ್ಟೇ. ಎರಡನೇ ಸಲ ನಿಜವಾಗಿಯೂ ಹಾಡಲೇಬೇಕು. ಮನೆಯಲ್ಲಿ ರೆಕಾರ್ಡ್ ಮಾಡುವವರೇ, ಇದನ್ನು ಇವತ್ತೇ ಮಾಡಿ ನೋಡಿ.

ಸಾಹಿತ್ಯದಲ್ಲಿ ದೊಡ್ಡ ಅರ್ಥ ಹುಡುಕಬೇಡಿ, ಎಷ್ಟೋ ಸಾಲು ಅವಸರದಲ್ಲಿ ಬರೆದದ್ದು. ಆದರೆ 'ಬಿಗ್ ಮಿ'ಯ ರಾಗ ಒಂದು ಸಲ ಕೇಳಿದರೆ ಬಿಡಲ್ಲ.

ಗ್ರೋಲ್ ಸುಮಾರು 100 ಕ್ಯಾಸೆಟ್ ಮಾಡಿಸಿ ಪರಿಚಯದವರಿಗೆ ಹಂಚಿದರು. ತಮ್ಮ ಹೆಸರು ಎದ್ದು ಕಾಣಬಾರದು ಅಂತಲೇ ಬ್ಯಾಂಡಿನ ಹಾಗೆ ಹೆಸರಿಟ್ಟರು. 'ಫೂ ಫೈಟರ್' ಅಂದರೆ ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳು ಆಕಾಶದಲ್ಲಿ ಕಂಡ ವಿಚಿತ್ರ ಬೆಳಕುಗಳಿಗೆ ಇಟ್ಟ ಹೆಸರು. ಕ್ಯಾಸೆಟ್ ಕೈಯಿಂದ ಕೈಗೆ ಹೋಗಿ ರೆಕಾರ್ಡ್ ಕಂಪನಿಗಳಿಗೂ ತಲುಪಿತು. ವೇದಿಕೆಗೆ ಜನ ಬೇಕಲ್ಲ, ಆಗ ಪ್ಯಾಟ್ ಸ್ಮಿಯರ್, ನೇಟ್ ಮೆಂಡಲ್, ವಿಲಿಯಂ ಗೋಲ್ಡ್‌ಸ್ಮಿತ್ ಸೇರಿದರು. ಹಾಡು ಮೊದಲು ಬಂತು, ಬ್ಯಾಂಡ್ ಆಮೇಲೆ.

ನೀವೂ ಒಬ್ಬರೇ ಕೂತು ಮಾಡಿದ ಹಾಡಿದ್ದರೆ, ಅರ್ಧಂಬರ್ಧ ಇದ್ದರೂ ಸರಿ, ಕಳಿಸಿ. ಮುಂದಿನ ವಿಡಿಯೋದಲ್ಲಿ ಒಟ್ಟಿಗೆ ಕೇಳೋಣ.