ನೆರಡಿ ರೋಗ: ಕೊಲ್ಲುವುದು ಅದರ ವಿಷ

ಕೇಳುಗರಿಗೆಲ್ಲ ನಮಸ್ಕಾರ. ಆಂಥ್ರಾಕ್ಸ್ ಬಗ್ಗೆ ಮಾತಾಡಿ ಅಂತ ಕಲಬುರಗಿ ಆಕಾಶವಾಣಿಯವರು ಕರೆದಿದ್ದಾರೆ. ನಮ್ಮ ಮಾತಿನಲ್ಲಿ ನೆರಡಿ ರೋಗ, ದನಕುರಿಗೆ ಬಂದು ಅವುಗಳಿಂದ ಮನುಷ್ಯರಿಗೂ ಹತ್ತುವ ರೋಗ. ಜೇವರ್ಗಿ, ಶಹಾಪುರ, ಸುರಪುರದ ಕಡೆ ಕುರಿ ದೊಡ್ಡಿಯಲ್ಲಿ ಕೂತು ರೇಡಿಯೋ ಕೇಳುವ ಅಣ್ಣತಮ್ಮಂದಿರೇ, ಮನೆಮುಂದೆ ಎರಡು ಆಡು ಕಟ್ಟಿಕೊಂಡ ತಾಯಂದಿರೇ, ಈ ಮಾತು ನಿಮಗಾಗಿ.

ಹೇಳಬೇಕಾದ್ದು ಒಂದೇ. ಈ ರೋಗದಲ್ಲಿ ಜೀವ ತೆಗೆಯುವುದು ರೋಗಾಣು ಬಿಡುವ ವಿಷ. ಆಂಟಿಬಯೋಟಿಕ್ ರೋಗಾಣುವನ್ನು ಕೊಲ್ಲುತ್ತದೆ. ಆದರೆ ಆಗಲೇ ರಕ್ತಕ್ಕೆ ಸೇರಿದ ವಿಷವನ್ನು ಅದು ಏನೂ ಮಾಡಲಾರದು. ಅದಕ್ಕೇ ತಡ ಮಾಡಬಾರದು.

ಇದು ಗೊತ್ತಾದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಕೇಳಿ. ಈ ರೋಗಕ್ಕೆ ಇಂಥದ್ದೇ ರೋಗಾಣು ಕಾರಣ ಅಂತ ಜರ್ಮನಿಯ ರಾಬರ್ಟ್ ಕಾಕ್ 1876ರಲ್ಲೇ ತೋರಿಸಿದ್ದರು. 1881ರಲ್ಲಿ ಫ್ರಾನ್ಸಿನ ಲೂಯಿ ಪಾಸ್ತರ್ ಜನರೆದುರೇ ಕುರಿಗಳಿಗೆ ಲಸಿಕೆ ಹಾಕಿ ಉಳಿಸಿದರು. ಆದರೆ ರೋಗಾಣು ಕೊಲ್ಲುವುದು ಹೇಗೆ? ಮುಂದೆ ಎಪ್ಪತ್ತಕ್ಕೂ ಜಾಸ್ತಿ ವರ್ಷ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಸತ್ತ ಪ್ರಾಣಿಯ ರಕ್ತದಲ್ಲಿ ರೋಗಾಣು ಕಿಕ್ಕಿರಿದಿರುತ್ತವೆ. ಅವು ಸಣ್ಣ ರಕ್ತನಾಳಗಳನ್ನೇ ಮುಚ್ಚಿ ಕೊಲ್ಲುತ್ತವೆ ಅಂತ ಬಹಳ ಜನ ನಂಬಿದ್ದರು.

ಇಂಗ್ಲೆಂಡಿನ ಪೋರ್ಟನ್‌ನಲ್ಲಿ ಹ್ಯಾರಿ ಸ್ಮಿತ್, ಜೇಮ್ಸ್ ಕೆಪಿ ಅಂತ ಇಬ್ಬರು ವಿಜ್ಞಾನಿಗಳಿದ್ದರು. ಅವರು ಗಿನಿಹಂದಿಗಳಿಗೆ ರೋಗ ಹತ್ತಿಸಿ, ಬೇರೆ ಬೇರೆ ಹೊತ್ತಿನಲ್ಲಿ ಸ್ಟ್ರೆಪ್ಟೋಮೈಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟು ನೋಡಿದರು. ಬೇಗ ಔಷಧಿ ಸಿಕ್ಕವು ಬದುಕಿದವು. ರಕ್ತದಲ್ಲಿ ರೋಗಾಣು ಒಂದು ಮಟ್ಟ ದಾಟಿದ ಮೇಲೆ ಕೊಟ್ಟರೆ? ಔಷಧಿ ತನ್ನ ಕೆಲಸ ಮಾಡಿತು, ರೋಗಾಣುಗಳನ್ನು ಕೊಂದಿತು. ಆದರೂ ಪ್ರಾಣಿ ಸತ್ತವು! ರೋಗಾಣು ಹೋದ ಮೇಲೂ ಸತ್ತವು ಅಂದರೆ ಕೊಂದದ್ದು ಯಾವುದು? ಅವರು ರೋಗದಿಂದ ಸತ್ತ ಪ್ರಾಣಿಗಳ ರಕ್ತ ತೆಗೆದು, ರೋಗಾಣು ಒಂದೂ ಉಳಿಯದ ಹಾಗೆ ಮಾಡಿ, ತಿಳಿ ದ್ರವವನ್ನಷ್ಟೇ ಬೇರೆ ಪ್ರಾಣಿಗಳಿಗೆ ಚುಚ್ಚಿದರು. ಚರ್ಮದಡಿ ಚುಚ್ಚಿದರೆ ಜಾಗ ಊದಿತು. ರಕ್ತನಾಳಕ್ಕೆ ಕೊಟ್ಟರೆ ಪ್ರಾಣವೇ ಹೋಯಿತು. ಅಲ್ಲಿದ್ದದ್ದು ಬರೀ ವಿಷ. ಇದು 1954ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಎಲ್ಲರೂ ಪ್ರಯೋಗಾಲಯದ ಗಾಜಿನಲ್ಲಿ ವಿಷ ಹುಡುಕುತ್ತಿದ್ದರು. ಇವರು ರೋಗ ಬಂದ ದೇಹದಲ್ಲೇ ಹುಡುಕಿದರು. ಎಷ್ಟು ಸರಳ, ಅಲ್ವಾ? ಆ ಯೋಚನೆ ಎಷ್ಟು ದೊಡ್ಡದು!

ಆ ವಿಷ ಮೂರು ಪ್ರೋಟೀನಿನದು. ಮೂವರು ಕಳ್ಳರು ಅಂದುಕೊಳ್ಳಿ. ಒಬ್ಬನು ಜೀವಕೋಶದ ಗೋಡೆಗೆ ಕನ್ನ ಕೊರೆಯುತ್ತಾನೆ, ಇಬ್ಬರು ಒಳಗೆ ನುಗ್ಗುತ್ತಾರೆ. ಒಂಟಿಯಾಗಿ ಯಾರೂ ಏನೂ ಮಾಡಲಾರರು. ಒಳಹೋದ ಒಂದು ಪ್ರೋಟೀನು ನೀರು ತುಂಬಿಸುತ್ತದೆ, ಬಾವು ಬರುವುದು ಅದರಿಂದ. ಇನ್ನೊಂದು, ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳನ್ನೇ ಕತ್ತರಿಸುತ್ತದೆ. ರೋಗದ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಮೊದಲೇ ಕೈಚೆಲ್ಲುತ್ತವೆ. ಇಲಿಗಳ ಮೇಲೆ ನಡೆದ ಸಂಶೋಧನೆ 2013ರಲ್ಲಿ ಬಂತು. ಕೊಲ್ಲುವಾಗ ಈ ಕತ್ತರಿಸುವ ವಿಷ ಹೃದಯ ಮತ್ತು ರಕ್ತನಾಳಕ್ಕೆ, ನೀರು ತುಂಬಿಸುವ ವಿಷ ಲಿವರಿಗೆ ಪೆಟ್ಟು ಕೊಡುತ್ತದೆ ಅಂತ ಅದರಿಂದ ಗೊತ್ತಾಯಿತು. ಕನ್ನ ಕೊರೆಯುವವನನ್ನೇ ತಡೆಯುವ ಔಷಧಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ. ನಮ್ಮ ಕೈಯಲ್ಲಿರುವುದು ಹೊತ್ತು ಮಾತ್ರ.

ಆದರೆ ಜನ ಏನು ಮಾಡುತ್ತಾರೆ? ಸತ್ತ ಕುರಿ ಕೊಯ್ದ ಕೆಲವು ದಿನಕ್ಕೆ ಕೈಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಒಡೆದು ಹುಣ್ಣಾಗುತ್ತದೆ, ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ, ಸುತ್ತ ಬಾವು. "ನೋಯಂಗಿಲ್ರೀ ಸಾಹೇಬ್ರ, ಅದಕ್ಕ ಬಿಟ್ಟಿದ್ದೆ" ಅನ್ನುತ್ತಾರೆ. ಅಯ್ಯೋ, ನೋಯದಿರುವುದೇ ಇದರ ಗುರುತು! ಸುಮ್ನೆ ಅರಿಶಿನ ಮೆತ್ತಿಕೊಂಡು ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. "ಸತ್ತ ಕುರಿ ಮುಟ್ಟಿದ್ದೆ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೇಗ ಹೋದರೆ ಸಾಮಾನ್ಯ ಆಂಟಿಬಯೋಟಿಕ್‌ನಲ್ಲೇ ವಾಸಿಯಾಗುತ್ತದೆ. ವಿಷ ತುಂಬಿದ ಮೇಲೆ ಹೋದರೆ ನಾವೇನು ಮಾಡೋಣ?

ಸಮಯ ಕಡಿಮೆ ಇದೆ, ದನಕುರಿ ವಿಷಯ ಬೇಗ ಹೇಳುತ್ತೇನೆ. ಚೆನ್ನಾಗಿದ್ದ ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದರೆ ಕೊಯ್ಯಬೇಡಿ, ಸುಲಿಯಬೇಡಿ. ಹೆಣ ಕೊಯ್ಯದೆ ಇದ್ದರೆ, ಅದು ಕೊಳೆಯುವಾಗ ಒಳಗಿನ ರೋಗಾಣು ಸಾಯುತ್ತವೆ. ಕೊಯ್ದರೆ ಗಾಳಿ ತಾಗಿ ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಕಾಯುತ್ತವೆ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರು ಹೇಳಿದಂತೆ ಆಳವಾಗಿ ಗುಂಡಿ ತೋಡಿ ಹೂಳಿ.

ಲಸಿಕೆ ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗುತ್ತದೆ. ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಕಂಡುಹಿಡಿದ ಬಗೆ ಅದು. ಅದರಲ್ಲಿರುವುದು ಬಲ ಕಳೆದುಕೊಂಡ ಜೀವಂತ ರೋಗಾಣು. ರೋಗ ತರಲಾರದು, ವಿಷ ಮಾತ್ರ ಸ್ವಲ್ಪ ಮಾಡುತ್ತದೆ. ಆ ವಿಷವನ್ನು ತಡೆಯುವುದನ್ನು ಕುರಿಯ ದೇಹ ಕಲಿತುಕೊಳ್ಳುತ್ತದೆ. ಹಿಂದೆ ಈ ರೋಗ ಬಂದ ಊರಾದರೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆಯೇ ಹಾಕಿಸಿ. ಕುರಿಗೆ ಆಂಟಿಬಯೋಟಿಕ್ ಕೊಡುತ್ತಿದ್ದರೆ ಪಶುವೈದ್ಯರಿಗೆ ಮೊದಲೇ ತಿಳಿಸಿ. ಲಸಿಕೆಯ ರೋಗಾಣು ಅದರಿಂದ ಸತ್ತರೆ, ಹಾಕಿಸಿಯೂ ಹಾಕಿಸದ ಹಾಗೆಯೇ. ನಮಸ್ಕಾರ.