ತನ್ನ ವೇಗಕ್ಕೆ ತಾನೇ ಅಂಜಿದ ವಾಲ್ಟರ್ ಜಾನ್ಸನ್

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ನಮ್ಮ ಕ್ರಿಕೆಟ್ಟಿನ ಬೌಲರ್ ಆರು ಚೆಂಡು ಎಸೆದು ಸುಧಾರಿಸಿಕೊಳ್ಳಬಹುದು. ಪಿಚರ್‌ಗೆ ಆ ಬಿಡುವಿಲ್ಲ. ಅವನನ್ನು ಬದಲಿಸುವ ತನಕ ಎದುರಾಳಿ ತಂಡ ಬ್ಯಾಟ್ ಮಾಡುವಷ್ಟು ಹೊತ್ತೂ ಅವನೇ ಎಸೆಯಬೇಕು. ನೂರು ವರ್ಷಗಳ ಹಿಂದೆ ಒಳ್ಳೆಯ ಪಿಚರ್ ಎಂದರೆ ಪಂದ್ಯದ ಒಂಬತ್ತು ಇನ್ನಿಂಗ್ಸನ್ನೂ, ಅಂದರೆ ಎದುರಾಳಿಯ ಒಂಬತ್ತು ಬ್ಯಾಟಿಂಗ್ ಸರದಿಗಳನ್ನೂ, ಒಬ್ಬನೇ ಎಸೆದು ಮುಗಿಸುವವನು. ಚೆಂಡು ನೆಲಕ್ಕೆ ತಾಗದೆ ಬ್ಯಾಟರ್‌ನ ದೇಹದ ಪಕ್ಕದಲ್ಲೇ ಹಾದುಹೋಗುತ್ತದೆ. ಆಗ ಬ್ಯಾಟರ್‌ನ ತಲೆಯ ಮೇಲೆ ಇರುತ್ತಿದ್ದುದು ಬಟ್ಟೆಯ ಟೋಪಿ ಮಾತ್ರ. ಆ ಕಾಲದಲ್ಲಿ ಎಲ್ಲರಿಗಿಂತ ವೇಗವಾಗಿ ಎಸೆಯುತ್ತಿದ್ದ ವ್ಯಕ್ತಿ, ತನ್ನ ಚೆಂಡಿನಿಂದ ಯಾರ ಪ್ರಾಣಕ್ಕಾದರೂ ಅಪಾಯವಾದೀತು ಎಂದು ಜೀವನವಿಡೀ ಅಂಜಿದ್ದರು. ಅವರ ಹೆಸರು ವಾಲ್ಟರ್ ಜಾನ್ಸನ್.

1887ರ ನವೆಂಬರ್ 6ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಹಂಬೋಲ್ಟ್ ಎಂಬ ಊರಿನ ಬಳಿ ಒಂದು ರೈತ ಕುಟುಂಬದಲ್ಲಿ ಅವರು ಹುಟ್ಟಿದರು. ತಂದೆ ಫ್ರಾಂಕ್, ತಾಯಿ ಮಿನ್ನಿ. ಬೇಸಾಯ ಕೈಹಿಡಿಯದೆ ಕುಟುಂಬ ಕ್ಯಾಲಿಫೋರ್ನಿಯಾದ ಒಲಿಂಡಾ ಎಂಬಲ್ಲಿನ ತೈಲ ಬಾವಿಗಳ ಕಡೆಗೆ ವಲಸೆ ಹೋಯಿತು. ಹುಡುಗ ಬೇಸ್‌ಬಾಲ್ ಆಡಲು ಕಲಿತದ್ದು ಅಲ್ಲಿ. ಮುಂದೆ ಐಡಹೋ ರಾಜ್ಯದ ವೀಸರ್ ಎಂಬ ಪುಟ್ಟ ಪಟ್ಟಣದಲ್ಲಿ ದೂರವಾಣಿ ಕಂಪನಿಯ ಕೆಲಸಕ್ಕೆ ಸೇರಿ, ಆ ಊರಿನ ತಂಡದ ಪರವಾಗಿ ಎಸೆಯತೊಡಗಿದರು. ಊರೂರು ತಿರುಗುವ ವ್ಯಾಪಾರಿಯೊಬ್ಬರು ಈ ಹುಡುಗನನ್ನು ಹೊಗಳಿ ವಾಷಿಂಗ್ಟನ್ ತಂಡಕ್ಕೆ ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ ಪೆಟ್ಟಾಗಿ ಆಡಲಾಗದೆ ಇದ್ದ ಆಟಗಾರ ಕ್ಲಿಫ್ ಬ್ಲಾಂಕೆನ್‌ಶಿಪ್ ಅವರನ್ನು ತಂಡ ನೋಡಿ ಬರಲು ಕಳಿಸಿತು. ಹುಡುಗ ಒಪ್ಪಿದ. ಆದರೆ ತನ್ನ ಆಟ ಅಲ್ಲಿ ನಡೆಯದಿದ್ದರೆ ಊರಿಗೆ ಮರಳಲು ರೈಲಿನ ಖರ್ಚು ಕೊಡಬೇಕು ಎಂಬ ಷರತ್ತು ಹಾಕಿದ. ಈ ಷರತ್ತು ನನಗೆ ತುಂಬ ಇಷ್ಟ. ಹತ್ತೊಂಬತ್ತರ ಹುಡುಗನಿಗೆ ಹೆಸರಿನ ಆಸೆಗಿಂತ ಮನೆಗೆ ಹಿಂದಿರುಗುವ ದಾರಿಯ ಚಿಂತೆಯೇ ದೊಡ್ಡದಾಗಿತ್ತು.

1907ರ ಆಗಸ್ಟ್ 2ರಂದು ಡೆಟ್ರಾಯಿಟ್ ವಿರುದ್ಧ ಮೊದಲ ಪಂದ್ಯ. ಆ ತಂಡದ ಟೈ ಕಾಬ್ ಎಂಬ ಉಗ್ರ ಬ್ಯಾಟರ್‌ಗೆ ಈ ಹಳ್ಳಿ ಹುಡುಗನ ಚೆಂಡು ಕಣ್ಣಿಗೆ ಕಾಣುವ ಮೊದಲೇ ಹಾದುಹೋಗುತ್ತಿತ್ತು. ಹೊಡೆಯಲಾಗದೆ ಕಾಬ್ ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲನೆ ತಟ್ಟಿ ಓಡಿದರು. ಅಂದು ವಾಷಿಂಗ್ಟನ್ 3–2ರಿಂದ ಸೋತಿತು. ಆದರೆ ಪಿಚರ್ ಯಾರೆಂದು ಎಲ್ಲರಿಗೂ ತಿಳಿದುಹೋಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ, 4, 5 ಮತ್ತು 7ನೇ ತಾರೀಖುಗಳಂದು ನ್ಯೂಯಾರ್ಕ್ ತಂಡದ ಮೇಲೆ ಮೂರು ಪಂದ್ಯ ಎಸೆದು, ಮೂರರಲ್ಲೂ ಒಂದೇ ಒಂದು ರನ್ ಕೊಡಲಿಲ್ಲ. ನಡುವೆ ಒಂದು ದಿನ ಬಿಟ್ಟದ್ದು ಏಕೆಂದರೆ ಅದು ಭಾನುವಾರ, ನ್ಯೂಯಾರ್ಕಿನಲ್ಲಿ ಆಗ ಭಾನುವಾರ ಆಡುವಂತಿರಲಿಲ್ಲ. ಹೀಗೆ ರನ್ ಕೊಡದೆ ಪೂರ್ತಿ ಎಸೆದ ಪಂದ್ಯಕ್ಕೆ ಶಟೌಟ್ ಎನ್ನುತ್ತಾರೆ.

ಉದ್ದನೆಯ ತೋಳು. ಪಕ್ಕದಿಂದ, ಸೊಂಟದ ಮೇಲಿನಿಂದ ಬೀಸಿ ಬಿಡುವ ಸಲೀಸಾದ ಎಸೆತ. ಬಹುಕಾಲ ಅವರು ನೆಚ್ಚಿಕೊಂಡದ್ದು ನೇರವಾದ ವೇಗದ ಚೆಂಡನ್ನೇ. ಮುಂದೇನು ಬರುತ್ತದೆ ಎಂಬುದು ಬ್ಯಾಟರ್‌ಗೆ ಗೊತ್ತು, ಗೊತ್ತಿದ್ದೂ ಹೊಡೆಯಲಾಗದು. 1917ರಲ್ಲಿ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನಲ್ಲಿ ಮದ್ದುಗುಂಡು ಪರೀಕ್ಷಿಸುವ ಪ್ರಯೋಗಾಲಯವೊಂದು ಅವರ ಚೆಂಡಿನ ವೇಗವನ್ನು ಸೆಕೆಂಡಿಗೆ 134 ಅಡಿ ಎಂದು ಅಳೆಯಿತು. ರೈಲಿಗಿಂತ ವೇಗದ ವಾಹನವನ್ನು ಬಹುಪಾಲು ಜನ ಕಂಡಿರದ ಕಾಲವದು. ಆದ್ದರಿಂದ ಅವರಿಗೆ ‘ಬಿಗ್ ಟ್ರೇನ್’ ಎಂಬ ಅಡ್ಡಹೆಸರು ಬಂತು.

ಕುಡಿತವಿಲ್ಲ, ಬೈಗುಳವಿಲ್ಲ, ಅಂಪೈರ್ ಜೊತೆ ಜಗಳವಿಲ್ಲ. ಈ ಸೌಮ್ಯ ಸ್ವಭಾವವೇ ಎದುರಾಳಿಗಳಿಗೆ ಅನುಕೂಲವಾಯಿತು. ಜಾನ್ಸನ್ ಯಾರಿಗೂ ಬೇಕೆಂದು ಚೆಂಡು ತಾಗಿಸುವುದಿಲ್ಲ ಎಂದು ಅರಿತ ಟೈ ಕಾಬ್, ಚೆಂಡು ಬರುವ ಜಾಗಕ್ಕೆ ಒತ್ತಿಕೊಂಡೇ ನಿಲ್ಲುತ್ತಿದ್ದರು. ತಾಗೀತೆಂಬ ಅಂಜಿಕೆಯಿಂದ ಜಾನ್ಸನ್ ಹೊರಗೆ ಎಸೆಯುತ್ತಿದ್ದರು. ಕಾಬ್ ತಾವೇ ಇದನ್ನು ಮುಂದೆ ಹೇಳಿಕೊಂಡಿದ್ದಾರೆ. ಅಷ್ಟು ಜಾಗ್ರತೆ ವಹಿಸಿದರೂ ಇಪ್ಪತ್ತೊಂದು ಆಟದ ಋತುಗಳಲ್ಲಿ ಇನ್ನೂರಕ್ಕೂ ಹೆಚ್ಚು ಬ್ಯಾಟರ್‌ಗಳಿಗೆ ಅವರ ಚೆಂಡು ತಾಗಿತು. 1920ರಲ್ಲಿ ಮತ್ತೊಬ್ಬ ಪಿಚರ್ ಕಾರ್ಲ್ ಮೇಸ್ ಎಸೆದ ಚೆಂಡು ತಲೆಗೆ ಬಡಿದು ಕ್ಲೀವ್‌ಲ್ಯಾಂಡಿನ ರೇ ಚಾಪ್‌ಮನ್ ಸತ್ತೇಹೋದರು. ಜಾನ್ಸನ್ ಅವರ ಭಯ ವೃಥಾ ಭಯವಾಗಿರಲಿಲ್ಲ.

ಅವರ ದೊಡ್ಡ ವರ್ಷ 1913. ಮೂವತ್ತಾರು ಗೆಲುವು, ಏಳೇ ಸೋಲು. ಎಡೆಬಿಡದೆ ಐವತ್ತೈದು ಇನ್ನಿಂಗ್ಸ್‌ಗಿಂತ ಹೆಚ್ಚು ಹೊತ್ತು ಎದುರಾಳಿಗೆ ರನ್ ಇಲ್ಲ. ಮರುವರ್ಷದ ಜೂನ್‌ನಲ್ಲಿ ನೆವಾಡಾದ ಸಂಸದ ಎಡ್ವಿನ್ ರಾಬರ್ಟ್ಸ್ ಅವರ ಮಗಳು ಹೇಝಲ್ ಅವರನ್ನು ಮದುವೆಯಾದರು. ಆರು ಮಕ್ಕಳಾದರು. ವಾಷಿಂಗ್ಟನ್ ತಂಡ ಮಾತ್ರ ಬಹುಕಾಲ ದುರ್ಬಲ ತಂಡವಾಗಿಯೇ ಉಳಿಯಿತು. ‘ಯುದ್ಧದಲ್ಲಿ ಮೊದಲು, ಶಾಂತಿಯಲ್ಲಿ ಮೊದಲು, ಅಮೆರಿಕನ್ ಲೀಗಿನಲ್ಲಿ ಕೊನೆ’ ಎಂದು, ಜಾರ್ಜ್ ವಾಷಿಂಗ್ಟನ್ ಬಗೆಗಿನ ಹೊಗಳಿಕೆಯ ಮಾತನ್ನು ತಿರುಚಿ, ಆ ನಗರವನ್ನು ಜನ ಗೇಲಿ ಮಾಡುತ್ತಿದ್ದರು. ತನ್ನ ತಂಡ ಒಂದೂ ರನ್ ಗಳಿಸದ ಕಾರಣಕ್ಕೆ ಜಾನ್ಸನ್ ಅರವತ್ತೈದು ಪಂದ್ಯ ಸೋತರು. ಹೆಚ್ಚಿನ ಹಣದ ಆಸೆ ತೋರಿಸಿ ಬೇರೊಂದು ಲೀಗ್ ಅವರನ್ನು ಒಮ್ಮೆ ಕರೆದದ್ದೂ ಉಂಟು, ಸಹಿಯೂ ಆಗಿತ್ತು. ವಾಷಿಂಗ್ಟನ್ ತಂಡವನ್ನು ನಡೆಸುತ್ತಿದ್ದ ಕ್ಲಾರ್ಕ್ ಗ್ರಿಫಿತ್ ಮನವೊಲಿಸಿ ವಾಪಸ್ ಕರೆತಂದರು. ಆ ಮೇಲೆ ಅವರು ಬೇರೆಲ್ಲೂ ಹೋಗಲಿಲ್ಲ.

1920ರಿಂದ ಕಷ್ಟದ ದಿನಗಳು. ಆ ವರ್ಷ ಜುಲೈ 1ರಂದು ಬಾಸ್ಟನ್ ವಿರುದ್ಧ ಅವರು ಒಂದೂ ಹಿಟ್ ಕೊಡದೆ, ಅಂದರೆ ಯಾವ ಬ್ಯಾಟರ್‌ಗೂ ಚೆಂಡು ಹೊಡೆದು ಬೇಸ್ ಗಳಿಸಲು ಬಿಡದೆ, ಗೆದ್ದರು. ಜೊತೆಯ ಆಟಗಾರ, ಎಳೆಯ ಬಕಿ ಹ್ಯಾರಿಸ್ ಒಂದು ಚೆಂಡನ್ನು ಕೈತಪ್ಪಿಸದಿದ್ದರೆ ರನ್ ಗಳಿಸಲು ಸುತ್ತಿಬರಬೇಕಾದ ಬೇಸ್‌ಗಳಲ್ಲಿ ಮೊದಲನೆಯದನ್ನೂ ಬಾಸ್ಟನ್ನಿನ ಒಬ್ಬನೂ ತಲುಪುತ್ತಿರಲಿಲ್ಲ. ಅದಾದ ಮೇಲೆ ತೋಳು ನೋಯತೊಡಗಿತು. 1921ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಪುಟ್ಟ ಮಗಳು ಎಲಿನರ್ ಫ್ಲೂ ಜ್ವರಕ್ಕೆ ಬಲಿಯಾದಳು. ಆಟ ಬಿಡುವ ಯೋಚನೆ ಜಾನ್ಸನ್ ಅವರ ಮನಸ್ಸಿನಲ್ಲಿ ಸುಳಿಯುತ್ತಲೇ ಇತ್ತು.

ಅಂಥ ಹೊತ್ತಿನಲ್ಲಿ 1924 ಬಂತು. ಚೆಂಡು ಕೈತಪ್ಪಿಸಿದ್ದ ಅದೇ ಬಕಿ ಹ್ಯಾರಿಸ್ ಇಪ್ಪತ್ತೇಳನೇ ವಯಸ್ಸಿಗೆ ತಂಡದ ಮ್ಯಾನೇಜರ್. ಮೂವತ್ತಾರರ ಜಾನ್ಸನ್ ಇಪ್ಪತ್ತಮೂರು ಪಂದ್ಯ ಗೆದ್ದರು. ವಾಷಿಂಗ್ಟನ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್‌ಗೆ, ಅಂದರೆ ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಅಂತಿಮ ಸರಣಿಗೆ ಬಂತು. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್. ದೇಶದ ಜನ ಈ ಹಿರಿಯ ಪಿಚರ್ ಗೆಲ್ಲಲೆಂದು ಹಾರೈಸುತ್ತಿದ್ದಾಗ ಅವರು ಮೊದಲ ಪಂದ್ಯ ಸೋತರು, ಐದನೆಯದನ್ನೂ ಸೋತರು. ಅಕ್ಟೋಬರ್ 10ರಂದು ಏಳನೇ ಪಂದ್ಯ. ಅಮೆರಿಕದ ಅಧ್ಯಕ್ಷ ಕೂಲಿಜ್ ಪ್ರೇಕ್ಷಕರ ನಡುವೆ ಕುಳಿತಿದ್ದರು. ಸ್ಕೋರು 3–3 ಆಗಿದ್ದಾಗ, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ, ಹ್ಯಾರಿಸ್ ಚೆಂಡನ್ನು ಜಾನ್ಸನ್ ಅವರ ಕೈಗೆ ಕೊಟ್ಟರು. ಆರಂಭದಲ್ಲೇ ಜೈಂಟ್ಸ್‌ನ ಫ್ರಾಂಕಿ ಫ್ರಿಶ್ ಚೆಂಡನ್ನು ದೂರ ಹೊಡೆದು ಮೂರನೇ ಬೇಸ್ ತಲುಪಿದರು. ಇನ್ನೊಂದು ಹಿಟ್ ಬಿದ್ದರೆ ಜೈಂಟ್ಸ್ ಮುಂದಾಗುತ್ತಿತ್ತು. ಜಾನ್ಸನ್ ಜಾರ್ಜ್ ಕೆಲಿಯನ್ನು ಸ್ಟ್ರೈಕ್‌ಔಟ್ ಮಾಡಿ, ಅಂದರೆ ಹೊಡೆಯಲು ಬಿಡದೆ ಔಟ್ ಮಾಡಿ, ಆ ಇಕ್ಕಟ್ಟಿನಿಂದ ಪಾರಾದರು. ಸ್ಕೋರು ಸಮವಾಗಿಯೇ ಉಳಿದದ್ದರಿಂದ ಆಟ ಒಂಬತ್ತರ ಆಚೆಗೂ ನಡೆಯಿತು, ಆಮೇಲಿನ ಮೂರು ಇನ್ನಿಂಗ್ಸ್‌ನಲ್ಲೂ ಅವರು ರನ್ ಕೊಡಲಿಲ್ಲ. ಹನ್ನೆರಡನೆಯದರಲ್ಲಿ ವಾಷಿಂಗ್ಟನ್ನಿನ ಅರ್ಲ್ ಮ್ಯಾಕ್‌ನೀಲಿ ಹೊಡೆದ ಚೆಂಡು ನೆಲದ ಕಲ್ಲೊಂದಕ್ಕೆ ತಾಗಿ ಜೈಂಟ್ಸ್‌ನ ಹದಿನೆಂಟರ ಹುಡುಗ ಫ್ರೆಡ್ಡಿ ಲಿಂಡ್‌ಸ್ಟ್ರಾಮ್ ತಲೆಯ ಮೇಲಿಂದ ಹಾರಿಹೋಯಿತು. ಮಡಿ ರೂಯಲ್ ಓಡಿಬಂದು ಗೆಲುವಿನ ರನ್ ತಂದರು. ಜಾನ್ಸನ್ ಆಗ ಬೇಸ್ ಮೇಲೇ ಇದ್ದರು. ಹದಿನೆಂಟು ಋತು ಕಾದದ್ದಕ್ಕೆ ಕೊನೆಗೂ ಫಲ ಸಿಕ್ಕಿತು.

ಮರುವರ್ಷವೂ ಅವರ ತಂಡ ಫೈನಲ್ ತಲುಪಿತು. ಎರಡು ಪಂದ್ಯ ಗೆದ್ದ ಜಾನ್ಸನ್ ಏಳನೆಯದನ್ನು ಪಿಟ್ಸ್‌ಬರ್ಗಿನ ಮಳೆ ಕೆಸರಿನಲ್ಲಿ ಸೋತರು. 1927ರಲ್ಲಿ ತರಬೇತಿಯ ವೇಳೆ ಚೆಂಡು ಬಡಿದು ಕಾಲು ಮುರಿಯಿತು, ಆ ವರ್ಷವೇ ಆಟಗಾರನಾಗಿ ನಿವೃತ್ತಿ.

ಆಟ ಮುಗಿದ ಮೇಲೆ ಮನೆಯಲ್ಲಿ ನೆಮ್ಮದಿಯಾಗಿರಬಹುದಾಗಿತ್ತು. ಆದರೆ 1930ರ ಆಗಸ್ಟ್‌ನಲ್ಲಿ, ಬೇಸಿಗೆಯ ಉರಿಬಿಸಿಲಿನಲ್ಲಿ ಮಾಡಿದ ದೀರ್ಘ ಕಾರು ಪ್ರಯಾಣದ ದಣಿವಿನಿಂದ ಹೇಝಲ್ ಕಾಯಿಲೆ ಬಿದ್ದು ತೀರಿಕೊಂಡರು. ಅವರಿಗಿನ್ನೂ ಮೂವತ್ತಾರು. ಆಗ ವಾಷಿಂಗ್ಟನ್ ತಂಡದ ಮ್ಯಾನೇಜರ್ ಆಗಿದ್ದ ಜಾನ್ಸನ್ ಮೇಲೆ ಐದು ಮಕ್ಕಳ ಹೊಣೆ ಬಿತ್ತು. ಅವರು ಮತ್ತೆ ಮದುವೆಯಾಗಲಿಲ್ಲ. ತಾಯಿ ಮಿನ್ನಿ ಬಂದು ಮೊಮ್ಮಕ್ಕಳನ್ನು ಸಾಕಲು ನೆರವಾದರು. ಮುಂದೆ ಕ್ಲೀವ್‌ಲ್ಯಾಂಡ್ ತಂಡವನ್ನೂ ಕೆಲಕಾಲ ನಡೆಸಿ, ಮೇರಿಲ್ಯಾಂಡಿನ ಜರ್ಮನ್‌ಟೌನ್ ಬಳಿ ಜಮೀನು ಕೊಂಡು ಬೇಸಾಯಕ್ಕೆ ಮರಳಿದರು. ಕೌಂಟಿ ಕಮಿಷನರ್ ಆಗಿ ಆಯ್ಕೆಯಾದರು, ಸಂಸತ್ತಿನ ಚುನಾವಣೆಯಲ್ಲಿ ಸೋತರು. 1939ರಲ್ಲಿ ಒಂದು ಋತು ರೇಡಿಯೋದಲ್ಲಿ ವಾಷಿಂಗ್ಟನ್ ತಂಡದ ಪಂದ್ಯಗಳ ವೀಕ್ಷಕ ವಿವರಣೆಯನ್ನೂ ಕೊಟ್ಟರು. ಮೈಕಿನ ಮುಂದೆ ಕುಳಿತು ಅವರ ಬಗ್ಗೆ ಮಾತನಾಡುತ್ತಿರುವ ನನಗೆ ಇದನ್ನು ನೆನೆದರೆ ಖುಷಿಯಾಗುತ್ತದೆ. 1942ರಲ್ಲಿ ಯುದ್ಧನಿಧಿಗಾಗಿ ಯಾಂಕೀ ಸ್ಟೇಡಿಯಮ್ಮಿನಲ್ಲಿ, ತಾವು ಐವತ್ತು ದಾಟಿದ್ದಾಗ, ಹೆಸರಾಂತ ಬ್ಯಾಟರ್ ಬೇಬ್ ರೂತ್‌ಗೆ ಮತ್ತೆ ಚೆಂಡೆಸೆದರು.

1946ರ ಡಿಸೆಂಬರ್ 10ರಂದು ಮೆದುಳಿನ ಗಡ್ಡೆಯಿಂದ ಅವರು ನಿಧನರಾದರು. ಆಗ ಅವರ ವಯಸ್ಸು ಐವತ್ತೊಂಬತ್ತು. ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 1936ರಲ್ಲಿ ಆಯ್ಕೆಯಾದ ಮೊದಲ ಐವರಲ್ಲಿ ಅವರೂ ಒಬ್ಬರು. ಅವರ ಖಾತೆಯಲ್ಲಿ 417 ಗೆಲುವುಗಳಿವೆ, ಪಿಚರ್ ಸೈ ಯಂಗ್ ಒಬ್ಬರನ್ನು ಬಿಟ್ಟರೆ ಅಷ್ಟು ಯಾರಿಗೂ ಇಲ್ಲ. ಮೂರೂವರೆ ಸಾವಿರ ಸ್ಟ್ರೈಕ್‌ಔಟ್‌ಗಳ ದಾಖಲೆಯನ್ನು 1983ರಲ್ಲಿ ನೋಲನ್ ರಯಾನ್ ಮುರಿದರು. 110 ಶಟೌಟ್‌ಗಳ ದಾಖಲೆ ಮಾತ್ರ ಇಂದಿಗೂ ಹಾಗೆಯೇ ಇದೆ. ಈಗ ಪಿಚರ್‌ಗಳ ತೋಳನ್ನು ಕಾಪಾಡಲೆಂದು ಐದಾರು ಇನ್ನಿಂಗ್ಸ್‌ಗೇ ಅವರನ್ನು ಬದಲಿಸುತ್ತಾರೆ. ಆದ್ದರಿಂದ ಅದನ್ನು ಇನ್ನು ಯಾರೂ ಮುಟ್ಟಲಾರರು ಎಂದೇ ನನ್ನ ನಂಬಿಕೆ.

ನಮಸ್ಕಾರ.