ಐದು ಟನ್ ಎಳೆಯೋ ಹಾಫ್-ಟನ್ ಪಿಕಪ್: ಲಿಮಿಟ್ ಬರೆದಿರೋದು ಬಾಗಿಲ ಮೇಲೆ

[ದೃಶ್ಯ: ಅಮೆರಿಕದ ಹೆದ್ದಾರಿ. ಪಿಕಪ್ ಟ್ರಕ್, ಹಿಂದೆ ಅದಕ್ಕಿಂತ ಉದ್ದದ ಟ್ರಾವೆಲ್ ಟ್ರೈಲರ್]

ನಮಸ್ಕಾರ. ಟೆಕ್ಸಸ್‌ನಲ್ಲಿರೋ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳ್ಸಿದಾರೆ. ಅವರ ಹತ್ರ ಒಂದು ಹಾಫ್-ಟನ್ ಪಿಕಪ್ ಇದೆ. ನಾಲ್ಕು ಬಾಗಿಲಿನ ಕ್ರೂ ಕ್ಯಾಬ್, ಫೋರ್-ವೀಲ್ ಡ್ರೈವ್. ಬ್ರೋಷರ್ ಪ್ರಕಾರ 11,000 ಪೌಂಡ್, ಅಂದ್ರೆ ಹೆಚ್ಚುಕಮ್ಮಿ 5,000 ಕೆಜಿ ಎಳೆಯುತ್ತೆ. ಅವರ ಮನೆಯವರು ಮೆಚ್ಚಿರೋ ಟ್ರಾವೆಲ್ ಟ್ರೈಲರ್, ಅಂದ್ರೆ ಹಿಂದೆ ಎಳ್ಕೊಂಡು ಹೋಗೋ ಚಕ್ರದ ಮನೆ, ಪೂರ್ತಿ ತುಂಬಿದಾಗ 8,500 ಪೌಂಡ್. "ಇನ್ನೂ 2,500 ಪೌಂಡ್ ಮಿಕ್ಕುತ್ತಲ್ಲ ಸಾರ್, ಡೀಲರ್ ಕೂಡ ಆರಾಮಾಗಿ ಎಳೆಯುತ್ತೆ ಅಂದ್ರು. ತಗೊಂಡ್ಬಿಡ್ಲಾ?"

ಡೀಲರ್ ಸುಳ್ಳು ಹೇಳಿಲ್ಲ. ಎಳೆಯುತ್ತೆ. ಆದ್ರೆ ಎಳೆಯೋದರ ಜೊತೆಗೆ ಆ ಟ್ರಕ್ ಹೊರಲೂ ಬೇಕು. ಅದರ ಬಗ್ಗೆ ಅವರು ಬಾಯಿ ಬಿಟ್ಟಿಲ್ಲ.

ಬೇಸಿಕ್ಸ್ ಬೇಗ ಮುಗ್ಸೋಣ. ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ 1500, ರಾಮ್ 1500, ಟೊಯೋಟಾ ಟಂಡ್ರಾ, ಇವೆಲ್ಲ ಹಾಫ್-ಟನ್ ಗುಂಪು. ಅಮೆರಿಕದ ಟನ್ 2,000 ಪೌಂಡ್. ಒಂದು ಕಾಲದಲ್ಲಿ ಇವು ಅದರ ಅರ್ಧ, 1,000 ಪೌಂಡ್ ಹೊರ್ತಿದ್ವು. ಈಗ ಅದಕ್ಕಿಂತ ಜಾಸ್ತಿನೇ ಹೊರುತ್ವೆ, ಹೆಸರು ಮಾತ್ರ ಹಾಗೇ ಉಳ್ಕೊಂಡಿದೆ. ಅಷ್ಟೆ. ಮುಂದಕ್ಕೆ ಹೋಗೋಣ.

[ದೃಶ್ಯ: ಚಾಲಕನ ಬಾಗಿಲು ತೆರೆಯುತ್ತೆ, ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್]

ಚಾಲಕನ ಬಾಗಿಲು ತೆಗೀರಿ. ಒಳಗಿನ ಕಂಬದ ಮೇಲೆ ಒಂದು ಹಳದಿ-ಬಿಳಿ ಸ್ಟಿಕರ್ ಇರುತ್ತೆ. ಟೈರ್ ಗಾಳಿ ಎಷ್ಟು ಅಂತ ನೋಡೋಕೆ ಮಾತ್ರ ನಾವು ಅದರ ಕಡೆ ತಿರುಗೋದು. ಅದರಲ್ಲೇ ಮೇಲ್ಗಡೆ ಒಂದು ಸಾಲಿದೆ: ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಯಾವತ್ತೂ ದಾಟಬಾರದು. ಇದೇ ಪೇಲೋಡ್. ಇದು ನಿಮ್ಮ ಮಾಡೆಲ್‌ದಲ್ಲ, ನೀವು ಕೀ ತಗೊಂಡ ಅದೇ ಗಾಡಿಯದು. ಪಕ್ಕದ ಮನೆಯವರ ಟ್ರಕ್ಕೂ ಅದೇ ಕಂಪನಿ, ಅದೇ ಬಣ್ಣ, ಅದೇ ವರ್ಷ ಇರಬಹುದು. ಆದ್ರೂ ನಂಬರ್ ಬೇರೆ ಇರಬಹುದು.

ಯಾಕೆ ಅಂದ್ರೆ ಲೆಕ್ಕ ಹೀಗೆ. ಟ್ರಕ್ ಒಟ್ಟು ತಡೆಯೋ ತೂಕದಿಂದ ಅದರ ಸ್ವಂತ ತೂಕ ಕಳೆದ್ರೆ ಪೇಲೋಡ್. ನೀವು ಪನೋರಮಿಕ್ ಸನ್‌ರೂಫ್ ಹಾಕ್ಸಿದ್ರಾ? ಕಳೀರಿ. ದೊಡ್ಡ ಚಕ್ರ, ತಂಪು ಗಾಳಿ ಊದೋ ಲೆದರ್ ಸೀಟು, ಮೋಟಾರ್‌ನಿಂದ ಇಳಿಯೋ ಮೆಟ್ಟಿಲು? ಕಳೀರಿ. ಹಂಗಾಗಿ ಕಂಟ್ರಾಕ್ಟರ್‌ಗಳು ಇಟ್ಕೊಳೋ ಬೋಳು ಬೋಳಾದ ಎರಡು ಬಾಗಿಲಿನ ಟ್ರಕ್, ಅದರ ಎರಡು ಪಟ್ಟು ದುಡ್ಡು ಕೊಟ್ಟ ಐಷಾರಾಮಿ ಟ್ರಕ್‌ಗಿಂತ ಜಾಸ್ತಿ ಹೊರುತ್ತೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಕೆಲಸ ಕಮ್ಮಿ. ನಮ್ಮಲ್ಲಿ ಕೆಲವು ಆಫೀಸುಗಳೂ ಹೀಗೇ ನಡೆಯುತ್ವೆ, ಆ ವಿಷಯ ಬೇಡ.

ನಮ್ಮ ವೀಕ್ಷಕರ ಸ್ಟಿಕರ್‌ನಲ್ಲಿ ಇದ್ದಿದ್ದು 1,600 ಪೌಂಡ್.

[ದೃಶ್ಯ: ಅರಿಜೋನಾ ಮರುಭೂಮಿ, ಬಿಸಿಲಲ್ಲಿ ನಡುಗೋ ರಸ್ತೆ]

ಅದನ್ನ ಲೆಕ್ಕಕ್ಕೆ ಹಾಕೋ ಮುಂಚೆ ನನಗೆ ತುಂಬಾ ಇಷ್ಟವಾದ ಭಾಗ. ಬ್ರೋಷರಿನ 11,000 ಎಲ್ಲಿಂದ ಬರುತ್ತೆ? ಮೊದಲೆಲ್ಲ ಪ್ರತಿ ಕಂಪನಿ ತನ್ನದೇ ಟೆಸ್ಟ್ ಮಾಡ್ಕೊಂಡು ತನ್ನದೇ ನಂಬರ್ ಹಾಕ್ಕೊಳ್ತಿತ್ತು. ಪರೀಕ್ಷೆ ಬರೆಯೋನೂ ಅವನೇ, ಮಾರ್ಕ್ಸ್ ಹಾಕೋನೂ ಅವನೇ. 2008ರಲ್ಲಿ ಎಸ್‌ಎಇ ಅನ್ನೋ ಎಂಜಿನಿಯರುಗಳ ಸಂಸ್ಥೆ ಜೆ2807 ಅಂತ ಒಂದು ಮಾನದಂಡ ತಂತು. ಕಡ್ಡಾಯ ಅಲ್ಲ, ಇಷ್ಟ ಇದ್ದೋರು ಪಾಲಿಸಬಹುದು. ಟೊಯೋಟಾ 2011ರ ಮಾಡೆಲ್ ಟಂಡ್ರಾಗೆ ಅದನ್ನ ಒಪ್ಕೊಂಡು ತನ್ನ ನಂಬರ್ ತಾನೇ ಇಳಿಸ್ಕೊಳ್ತು. ಉಳಿದವರು "ನೀನು ಇಳಿಸು, ಆಮೇಲೆ ನಾನು" ಅಂತ ಒಬ್ಬರ ಮುಖ ಒಬ್ಬರು ನೋಡ್ತಾ ಕೂತು, 2015ರ ಮಾಡೆಲ್ ಹೊತ್ತಿಗೆ ದಾರಿಗೆ ಬಂದ್ರು.

ಆ ಮಾನದಂಡದೊಳಗೆ ಒಂದು ನಿಜವಾದ ರಸ್ತೆ ಇದೆ, ಗೊತ್ತಾ? ಅರಿಜೋನಾದ ಸ್ಟೇಟ್ ರೂಟ್ 68. ಕೊಲರಾಡೋ ನದಿಗೆ ಕಟ್ಟಿರೋ ಡೇವಿಸ್ ಡ್ಯಾಂ ಹತ್ರ, ಬುಲ್‌ಹೆಡ್ ಸಿಟಿ ಕಡೆಯಿಂದ ಮೇಲಕ್ಕೆ ಹತ್ತುತ್ತೆ. ಸುಮಾರು 11.4 ಮೈಲಿ, 18 ಕಿಲೋಮೀಟರ್ ಮೇಲೆ. ಅಷ್ಟರಲ್ಲಿ ಸುಮಾರು 3,000 ಅಡಿ ಏರ್ಬೇಕು. ನಮ್ಮ ಘಾಟಿಗಳ ಥರ ಸುತ್ತಿ ಸುತ್ತಿ ಹೋಗಲ್ಲ. ಉದ್ದಕ್ಕೆ, ನೆರಳಿಲ್ಲದೆ, ಬಿಡುವಿಲ್ಲದೆ ಏರು. ತಿರುವಲ್ಲಿ ಆಕ್ಸಿಲರೇಟರ್ ಬಿಟ್ಟು ಎಂಜಿನ್‌ಗೆ ಉಸಿರು ಕೊಡೋ ಅವಕಾಶನೇ ಇಲ್ಲ.

ನಿಯಮ ಕೇಳಿ. ಕೆಳಗೆ ಶುರು ಮಾಡೋವಾಗ ಹೊರಗಿನ ತಾಪಮಾನ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಅಂದ್ರೆ 38 ಡಿಗ್ರಿ ಸೆಲ್ಸಿಯಸ್. ಹೇಳ್ಕೊಂಡಿರೋ ಪೂರ್ತಿ ತೂಕದ ಟ್ರೈಲರ್ ಹಿಂದಿರಬೇಕು. ವೇಗ ಗಂಟೆಗೆ 40 ಮೈಲಿಗಿಂತ ಕೆಳಗೆ ಬೀಳಬಾರದು. ವಾರ್ನಿಂಗ್ ಲೈಟ್ ಬರಬಾರದು, ಏನೂ ಸೋರಬಾರದು, ಏನೂ ಮುರಿಬಾರದು. ಇಷ್ಟೆಲ್ಲ ಆಗೋವಾಗ ಎಸಿ ಆನ್ ಇರಬೇಕು! ಫುಲ್ ಕೋಲ್ಡ್, ಫ್ಯಾನ್ ಫುಲ್ ಸ್ಪೀಡ್, ಅದೂ ಹೊರಗಿನ ಬಿಸಿಗಾಳಿನೇ ಒಳಗೆಳೆದು ತಣ್ಣಗೆ ಮಾಡೋ ಮೋಡ್‌ನಲ್ಲಿ.

ಇದನ್ನ ಬರೆದೋನಿಗೆ ಒಂದು ನಮಸ್ಕಾರ. ಎಸಿಯ ಕಂಡೆನ್ಸರ್ ಕೂತಿರೋದು ಎಂಜಿನ್ ರೇಡಿಯೇಟರ್‌ನ ಮುಂದೆ. ಕ್ಯಾಬಿನ್‌ನಿಂದ ತೆಗೆದ ಬಿಸಿಯನ್ನೆಲ್ಲ ಅದು ನೇರ ರೇಡಿಯೇಟರ್ ಮುಖಕ್ಕೆ ಊದುತ್ತೆ. ಕಂಪ್ರೆಸರ್ ತಿರುಗೋಕೂ ಎಂಜಿನ್ನೇ ಶಕ್ತಿ ಕೊಡ್ಬೇಕು. ಎಂಜಿನ್ ಬೇಯ್ತಿರೋ ಹೊತ್ತಲ್ಲೇ ಅದರ ಮೇಲೆ ಇನ್ನೊಂದು ಒಲೆಯ ಹೊರೆ. ಇದೇ ಸೀಮೆಯಲ್ಲಿ, ಕ್ಯಾಲಿಫೋರ್ನಿಯಾದ ಐ-15 ಹೆದ್ದಾರಿಯ ಏರುಗಳಲ್ಲಿ, "ಎಂಜಿನ್ ಬಿಸಿಯಾಗೋದು ತಪ್ಪಿಸೋಕೆ ಎಸಿ ಆಫ್ ಮಾಡಿ" ಅಂತ ಸರ್ಕಾರನೇ ಬೋರ್ಡ್ ಹಾಕಿದೆ. ಡ್ರೈವರುಗಳೂ ಅದನ್ನೇ ಮಾಡ್ತಿದ್ರು: ಕಿಟಕಿ ಇಳಿಸಿ, ಹೀಟರ್ ಹಾಕಿ, ಬೆವರು ಸುರಿಸ್ಕೊಂಡು ಹತ್ತೋದು. ಮಾನದಂಡ ಬರೆದವರು ಆ ಉಪಾಯನೇ ಕಿತ್ಕೊಂಡ್ರು. ಮಾರೋವಾಗ ಎಸಿ ಸಮೇತ ಮಾರ್ತೀಯಲ್ಲ, ಹತ್ತೋವಾಗ್ಲೂ ಎಸಿ ಸಮೇತ ಹತ್ತು.

ಅಷ್ಟೇ ಅಲ್ಲ, 12 ಪರ್ಸೆಂಟ್ ಏರಿನಲ್ಲಿ ನಿಂತಲ್ಲಿಂದ ಐದು ನಿಮಿಷದೊಳಗೆ ಐದು ಸಲ ಮುಂದಕ್ಕೆ ಹೊರಡಬೇಕು. ರಿವರ್ಸ್‌ನಲ್ಲೂ ಹಂಗೇ ಮಾಡಿ ತೋರಿಸ್ಬೇಕು. ಹ್ಯಾಂಡ್ಲಿಂಗ್ ಪರೀಕ್ಷೆನೂ ಇದೆ. ಹಂಗಾಗಿ 11,000 ಪೌಂಡ್ ಅನ್ನೋದು ಇವತ್ತು ಬುರುಡೆ ನಂಬರ್ ಅಲ್ಲ. ಆದ್ರೆ ಆ ಟೆಸ್ಟಲ್ಲಿ ಟ್ರಕ್ಕೊಳಗೆ ಕೂತಿರೋರು ಇಬ್ಬರು, ತಲಾ 150 ಪೌಂಡ್. 68 ಕೆಜಿ. ಮಕ್ಕಳಿಲ್ಲ, ಅತ್ತೆ-ಮಾವ ಇಲ್ಲ, ಕೂಲರ್ ಇಲ್ಲ, ಕುಕ್ಕರ್ ಇಲ್ಲ. ಟ್ರೈಲರ್ ತನ್ನ ತೂಕದ 10 ಪರ್ಸೆಂಟ್ ಮಾತ್ರ ಟ್ರಕ್ ಮೇಲೆ ಹಾಕುತ್ತೆ ಅಂತ ಲೆಕ್ಕ.

ಈ 10 ಪರ್ಸೆಂಟೇ ಕಥೆಯ ಗಂಟು.

[ದೃಶ್ಯ: ಎತ್ತಿನಗಾಡಿ, ನಂತರ ಟ್ರೈಲರ್ ಕೊಂಡಿಯ ಕ್ಲೋಸಪ್]

ಎತ್ತಿನಗಾಡಿಗೆ ಹುಲ್ಲು ಹೇರೋದನ್ನ ನೋಡಿದೋರಿಗೆ ಇದು ತಕ್ಷಣ ಹೊಳೆಯುತ್ತೆ. ಹಿಂಭಾರ ಆದ್ರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂಭಾರ ಜಾಸ್ತಿಯಾದ್ರೆ ಹೆಗಲು ಕುಸಿಯುತ್ತೆ. ಅದಕ್ಕೇ ಹೇರೋನು ಒಂದು ಹಿಡಿ ಮುಂಭಾರ ಇಟ್ಟೇ ಕಟ್ತಾನೆ. ಟ್ರೈಲರ್‌ಗೂ ಅದೇ. ಅದರ ಮೂತಿ ಟ್ರಕ್‌ನ ಹಿಂದಿನ ಕೊಂಡಿಯಲ್ಲಿರೋ ಕಬ್ಬಿಣದ ಗುಂಡು, ಅಂದ್ರೆ ಬಾಲ್ ಮೇಲೆ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಒತ್ತಬೇಕು. ಇದಕ್ಕೆ ಟಂಗ್ ವೇಟ್ ಅಂತಾರೆ.

ಕಮ್ಮಿ ಇಟ್ರೆ ಏನು ಅನ್ನೋದಕ್ಕೆ ನೇರ ಉತ್ತರ: ಸ್ವೇ. ತೂಕ ಹಿಂದಕ್ಕೆ ಸರಿದ ಟ್ರೈಲರ್‌ನ ಬಾಲ ಒಂದು ಗಾಳಿಯ ಹೊಡೆತಕ್ಕೋ, ಪಕ್ಕದಲ್ಲಿ ಹೋದ ಸೆಮಿ ಅನ್ನೋ ದೊಡ್ಡ ಸರಕು ಟ್ರಕ್ಕಿಗೋ ಎಡಕ್ಕೆ ಹೋಗುತ್ತೆ, ಆಮೇಲೆ ಬಲಕ್ಕೆ. ಕಮ್ಮಿ ವೇಗದಲ್ಲಿ ಅದು ತಾನಾಗೇ ಅಡಗುತ್ತೆ. ಒಂದು ವೇಗ ದಾಟಿದ ಮೇಲೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗ್ತಾ ಹೋಗಿ ಟ್ರಕ್‌ನ ಹಿಂಭಾಗನೇ ಅಳ್ಳಾಡಿಸುತ್ತೆ. ಆಗ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ. ಹೋಗಬಾರದು. ಟ್ರಕ್ ನಿಧಾನ ಆದ್ರೆ ಹಿಂದಿನ ನಾಲ್ಕು ಟನ್ ಅದನ್ನ ತಳ್ಳುತ್ತೆ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡೀರಿ, ಬಲ ಮೊಣಕಾಲಿನ ಹತ್ರ ಇರೋ ಬ್ರೇಕ್ ಕಂಟ್ರೋಲರ್‌ನ ಸಣ್ಣ ಲಿವರ್ ಬೆರಳಲ್ಲಿ ಒತ್ತಿ. ಅದು ಟ್ರೈಲರ್‌ನ ಬ್ರೇಕ್ ಮಾತ್ರ ಹಿಡಿಯುತ್ತೆ. ಹಿಂದಿನಿಂದ ಎಳೆದು ಹಿಡಿದಾಗ ಟ್ರೈಲರ್ ನೇರ ಆಗುತ್ತೆ. ಆ ಲಿವರ್ ಎಲ್ಲಿದೆ ಅಂತ ಹೊರಡೋ ಮುಂಚೆ ಕತ್ತಲಲ್ಲೂ ಕೈಗೆ ಸಿಗೋ ಹಂಗೆ ಅಭ್ಯಾಸ ಮಾಡ್ಕೊಳ್ಳಿ.

ಸರಿ, ಈಗ ಲೆಕ್ಕ. 8,500 ಪೌಂಡ್ ಟ್ರೈಲರ್, ಮುಂಭಾರ 13 ಪರ್ಸೆಂಟ್ ಹಿಡೀರಿ: ಹತ್ತಿರ ಹತ್ತಿರ 1,100 ಪೌಂಡ್. ಇದು ಎಳೆಯೋ ತೂಕ ಅಲ್ಲ, ಹೊರೋ ತೂಕ. ಸೀದಾ ಆ ಸ್ಟಿಕರ್‌ನಿಂದ ಕಳೀಬೇಕು. 1,600ರಲ್ಲಿ 500 ಉಳೀತು. ಗಂಡ, ಹೆಂಡತಿ, ಇಬ್ಬರು ಮಕ್ಕಳು: 500. ಸೊನ್ನೆ! ಇನ್ನೂ ಕೊಂಡಿಯ ಕಬ್ಬಿಣನೇ 100 ಪೌಂಡ್ ಹತ್ರ ಇದೆ. ಟ್ರಕ್‌ನ ಹಿಂದಿನ ಡಬ್ಬಿಯಲ್ಲಿ ಸೈಕಲ್ಲು, ಸೌದೆ, ಜನರೇಟರ್ ಇದೆ. ಬ್ರೋಷರ್ ಪ್ರಕಾರ 2,500 ಪೌಂಡ್ ಮಿಕ್ಕಿರೋ ಟ್ರಕ್, ಮನೆ ಗೇಟ್ ದಾಟೋ ಮುಂಚೆನೇ ಲಿಮಿಟ್ ದಾಟಿ ಕೂತಿದೆ.

"ಹಂಗಾದ್ರೆ ಸಾಮಾನೆಲ್ಲ ಟ್ರೈಲರ್ ಹಿಂದಕ್ಕೆ ತಳ್ಳಿ ಮುಂಭಾರ ಕಮ್ಮಿ ಮಾಡ್ತೀನಿ" ಅಂತೀರಾ? ಸ್ವೇ ಕಾಯ್ತಾ ಇದೆ. ಎರಡೂ ಕಡೆಯಿಂದ ದಾರಿ ಮುಚ್ಚಿದೆ. ಹಂಗಾಗಿ ನಾನು ಉಲ್ಟಾ ಲೆಕ್ಕ ಹಾಕೋಕೆ ಹೇಳೋದು: ಸ್ಟಿಕರ್‌ನಿಂದ ಜನ, ಸಾಮಾನು, ಕೊಂಡಿ ಕಳೀರಿ, ಉಳಿದಿದ್ದನ್ನ 0.13ರಿಂದ ಭಾಗಿಸಿ. ಇವರಿಗೆ 1,600ರಲ್ಲಿ 500 ಜನ, 100 ಕೊಂಡಿ, 150 ಸಾಮಾನು ಹೋದ್ರೆ 850. ಭಾಗಿಸಿದ್ರೆ ಸುಮಾರು 6,500 ಪೌಂಡ್. ಇವರ ಕುಟುಂಬಕ್ಕೆ, ಇವರ ಟ್ರಕ್‌ಗೆ, ಅದೇ ಟ್ರೈಲರ್ ಲಿಮಿಟ್. 8,500ದ್ದೇ ಬೇಕು ಅಂದ್ರೆ ಮುಕ್ಕಾಲು ಟನ್ ಟ್ರಕ್ ನೋಡಿ, ಎಫ್-250 ಅಥವಾ ರಾಮ್ 2500 ಥರದ್ದು. ಅದರಲ್ಲೂ ಸ್ಟಿಕರ್ ನೋಡೇ ತಗೊಳ್ಳಿ. ಡೀಸೆಲ್ ಎಂಜಿನ್ನೇ ಭಾರ, ಅದೂ ಪೇಲೋಡ್ ತಿನ್ನುತ್ತೆ.

ಮತ್ತೆ ಆ 6,500 ಅನ್ನೋದು ತುಂಬಿದ ತೂಕ. ಶೋರೂಮಲ್ಲಿ ತೋರ್ಸೋ "ಡ್ರೈ ವೇಟ್" ಅಂದ್ರೆ ನೀರಿಲ್ಲ, ಪಾತ್ರೆ ಇಲ್ಲ, ಬಟ್ಟೆಬರೆ ಇಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್, 50 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ 417 ಪೌಂಡ್. ಡ್ರೈ ವೇಟ್‌ನಲ್ಲಿ ಆ ಟ್ರೈಲರ್ ಎಳೆಯೋನು ಡೆಲಿವರಿ ಡ್ರೈವರ್ ಒಬ್ಬನೇ.

[ದೃಶ್ಯ: ಟ್ರಕ್‌ನ ಬದಿಚಿತ್ರ, ಹಿಂದಿನ ಆಕ್ಸಲ್ ಮೇಲೆ ಬಾಣ]

ಟೈಮ್ ಆಗ್ತಿದೆ, ಉಳಿದಿದ್ದನ್ನ ಓಡಿಸ್ಕೊಂಡು ಹೋಗ್ತೀನಿ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದ್ರೆ ತೂಕ ಹಂಚೋ ಕೊಂಡಿ: ಬಾಲ್ ಇರೋದು ಹಿಂದಿನ ಆಕ್ಸಲ್‌ಗಿಂತ ನಾಲ್ಕೈದು ಅಡಿ ಹಿಂದೆ. ಅಲ್ಲಿ 1,000 ಪೌಂಡ್ ಕೂತ್ರೆ ಸನ್ನೆಗೋಲಿನ ಲೆಕ್ಕದಲ್ಲಿ ಹಿಂದಿನ ಆಕ್ಸಲ್ ಮೇಲೆ 1,400ರ ಹತ್ರ ಬೀಳುತ್ತೆ, ಮುಂದಿನ ಆಕ್ಸಲ್‌ನಿಂದ 400 ಎದ್ದೋಗುತ್ತೆ. ಅಂದ್ರೆ ಸ್ಟೀರಿಂಗ್ ಹಗುರ, ಹೆಡ್‌ಲೈಟು ಆಕಾಶಕ್ಕೆ. ಈ ಹಿಚ್‌ನ ಸ್ಪ್ರಿಂಗ್ ಬಾರ್‌ಗಳು ಆ ತೂಕವನ್ನ ಮುಂದಿನ ಚಕ್ರಕ್ಕೆ ವಾಪಸ್ ತಳ್ಳುತ್ವೆ. ಹಾಕ್ಸಿ. ಆದ್ರೆ ಇದನ್ನ ಹಾಕಿದ್ರೆ ಪೇಲೋಡ್ ಜಾಸ್ತಿಯಾಗುತ್ತೆ ಅಂತ ಅಂಗಡಿಯೋನು ಹೇಳಿದ್ರೆ ನಕ್ಕು ಬಂದ್ಬಿಡಿ.

ಬ್ರೇಕ್: ಟೆಕ್ಸಸ್‌ನಲ್ಲಿ ಟ್ರೈಲರ್ 4,500 ಪೌಂಡ್ ದಾಟಿದ್ರೆ ಅದಕ್ಕೇ ಸ್ವಂತ ಬ್ರೇಕ್ ಇರಬೇಕು, ಹಲವು ರಾಜ್ಯಗಳಲ್ಲಿ 3,000ಕ್ಕೇ ಬೇಕು. ವೇಗ: ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯೋರಿಗೆ 55 ಮೈಲಿ. ಮೈಲೇಜ್: ಎಂಟು ಅಡಿ ಅಗಲದ ಗೋಡೆ ಗಾಳಿಗೆ ಎದುರಾಗಿ ಹೋಗ್ತಿರುತ್ತೆ, ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಅಳ್ಬೇಡಿ. ಇಳಿಜಾರು: ಡೆನ್ವರ್‌ನ ಪಶ್ಚಿಮಕ್ಕೆ ಐ-70ರಲ್ಲಿ 11,000 ಅಡಿ ಮೇಲಿರೋ ಐಸನ್‌ಹೋವರ್ ಸುರಂಗ ದಾಟಿ ಇಳಿಯೋವಾಗ ಭಾರ ಎಳೆಯೋವಾಗ ಹಾಕೋ ಟೋ-ಹಾಲ್ ಮೋಡ್ ಹಾಕಿ, ಗೇರ್ ಇಳಿಸಿ, ಎಂಜಿನ್ನಿಂದ ತಡೀರಿ. ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಕಾಲು ಭಾಗ ದಾರಿಯಲ್ಲೇ ಬ್ರೇಕ್ ಕಾದು ಕೆಲಸ ನಿಲ್ಲಿಸುತ್ತೆ.

ಕೊನೇದು, ತೂಕ. ಅಂದಾಜು ಮಾಡ್ಬೇಡಿ, ತೂಗಿ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ತೂಕದ ಕಟ್ಟೆ ಇರುತ್ತೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್, ಮೂರಕ್ಕೂ ಬೇರೆ ಬೇರೆ ಪ್ಲೇಟ್. ಗಾಡಿ ನಿಲ್ಸಿ, ಬಟನ್ ಒತ್ತಿ, ಸ್ಪೀಕರ್‌ನಲ್ಲಿ ಮಾತಾಡಿದ್ರೆ ಚೀಟಿ ಸಿಗುತ್ತೆ. ಆ ಬಟನ್ ಸೆಮಿ ಟ್ರಕ್ ಡ್ರೈವರ್‌ನ ಕಿಟಕಿ ಎತ್ತರಕ್ಕಿರುತ್ತೆ. ಪಿಕಪ್‌ನಿಂದ ಕೈ ಎಟುಕದೆ ಕೆಳಗಿಳಿದು ಎಗರಿ ಒತ್ತೋರನ್ನ ನೀವು ನೋಡ್ತೀರಿ. ಕುಟುಂಬ ಸಮೇತ, ನೀರು ತುಂಬಿಸಿ, ಒಂದ್ಸಲ ಟ್ರೈಲರ್ ಜೊತೆ ತೂಗಿ. ಆಮೇಲೆ ಪಾರ್ಕಿಂಗಲ್ಲಿ ಟ್ರೈಲರ್ ಬಿಚ್ಚಿಟ್ಟು ಟ್ರಕ್ ಮಾತ್ರ ಇನ್ನೊಂದ್ಸಲ. 24 ಗಂಟೆಯೊಳಗೆ ಎರಡನೇ ಸಲ ತೂಗೋದಕ್ಕೆ ತುಂಬಾ ಕಮ್ಮಿ ದುಡ್ಡು. ಎರಡು ಒಟ್ಟು ತೂಕಗಳ ವ್ಯತ್ಯಾಸನೇ ಟ್ರೈಲರ್‌ನ ನಿಜವಾದ ತೂಕ. ಮೊದಲನೇ ಚೀಟಿಯ ಎರಡು ಟ್ರಕ್ ಆಕ್ಸಲ್ ಕೂಡಿಸಿ, ಬಾಗಿಲ ಕಂಬದಲ್ಲಿರೋ ಜಿವಿಡಬ್ಲ್ಯೂಆರ್, ಅಂದ್ರೆ ಟ್ರಕ್ ಒಟ್ಟು ತಡೆಯೋ ತೂಕದ ಪಕ್ಕ ಇಟ್ಟು ನೋಡಿ. ಹಿಂದಿನ ಆಕ್ಸಲ್‌ಗೂ ಅಲ್ಲೇ ಬೇರೆ ಲಿಮಿಟ್ ಬರೆದಿರುತ್ತೆ, ಎಷ್ಟೋ ಸಲ ಮೊದಲು ದಾಟೋದು ಅದೇ.

ಚೀಟಿ ಸಿಕ್ಕ ಮೇಲೆ ನಂಬರುಗಳನ್ನ ಕಾಮೆಂಟಲ್ಲಿ ಹಾಕಿ, ಟ್ರಕ್ ಯಾವುದು ಅಂತಾನೂ ಬರೀರಿ. ಸನ್‌ರೂಫ್ ಇದ್ರೆ ಅದನ್ನೂ ಒಪ್ಕೊಂಡ್ಬಿಡಿ.